ಪಂಕಜಾಕ್ಷಿಯ ಹೊಸ ಬಾಯಿ

ಗಂಟಲಲ್ಲಿ ಹುಣಸೆ ಚಿಗುರಿನ ಒಗರು ಕಾಣಿಸಿಕೊಂಡ ಬೆಳಿಗ್ಗೆ ನಾನು ಅದನ್ನು ಯಾರಿಗೂ ಹೇಳಲಿಲ್ಲ. ಹೇಳದೆ ಇರುವುದು ನನ್ನ ಜಾಯಮಾನವಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೂ ಪಕ್ಕದ ಬೀದಿಗೆ ತಿಳಿಯುವಂತೆ ಹೇಳುವವಳು ನಾನು. ಆದರೆ ಅವತ್ತು ಬಿಸಿನೀರು ಕುಡಿದು, ಬೆಲ್ಲದ ಚೂರು ಚೀಪಿ, ಹಿಂದಿನ ದಿನ ತಿಂದ ಚಟ್ನಿಯದೇ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಧ್ಯಾಹ್ನವಾದರೂ ಒಗರು ಹೋಗಲಿಲ್ಲ. ನಮ್ಮೂರಲ್ಲಿ ಹುಟ್ಟಿದ ಯಾರಿಗೂ ಆ ರುಚಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೂದಲು ನೆರೆತ ಹಾಗೆ, ಮಂಡಿ ಹಿಡಿದ ಹಾಗೆ, ಅರವತ್ತರ ಆಸುಪಾಸಿನಲ್ಲಿ ಒಂದು ದಿನ ಗಂಟಲು ಒಗರಾಗುತ್ತದೆ. ತಿಂಗಳೊಪ್ಪತ್ತಿನಲ್ಲಿ ಮಾತು ಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಇದಕ್ಕೆ ಯಾರೂ ಡಾಕ್ಟರ ಹತ್ತಿರ ಓಡುವುದಿಲ್ಲ, ಹರಕೆಯನ್ನೂ ಹೊರುವುದಿಲ್ಲ.

ನಮ್ಮಜ್ಜಿಯ ಕಾಲದಲ್ಲಿ ಮಾತು ಹೋದವರ ಕೊರಳಿಗೆ ಸ್ಲೇಟು ಕಟ್ಟುತ್ತಿದ್ದರು. ಬಳಪ ಸವೆಯುತ್ತದೆಂದು ಅಜ್ಜಿ ಉಪ್ಪು, ನೀರು, ಸಾಕು ಎಂಬ ಮೂರು ಮಾತು ಬಿಟ್ಟು ಬೇರೇನೂ ಬರೆಯುತ್ತಿರಲಿಲ್ಲ. ಈಗ ಲ್ಯಾಪ್‌ಟಾಪು ಬಂದಿದೆ. ಊರಿನವರು ಅದನ್ನು ಲ್ಯಾಪ್‌ಟಾಪು ಅನ್ನುವುದಿಲ್ಲ, ಬಾಯಿ ಅನ್ನುತ್ತಾರೆ. "ನಿಮ್ಮತ್ತೆಗೆ ಬಾಯಿ ತಗೊಂಡ್ರಾ?" "ನಮ್ಮ ದೊಡ್ಡಪ್ಪನ ಬಾಯಿ ರಿಪೇರಿಗೆ ಹೋಗಿದೆ, ಮನೆ ತಣ್ಣಗಿದೆ ನೋಡಿ." ಹೀಗೆ ನಡೆಯುತ್ತದೆ ಬೀದಿಯ ಮಾತು. ಹೆಣ್ಣು ನೋಡಲು ಹೋಗುವ ಹಾಗೆ ಮನೆಮಂದಿ ಸೇರಿ ಬಾಯಿ ನೋಡಲು ಹೋಗುತ್ತಾರೆ. ಮೊಬೈಲು ಸಾಲದೇ ಎಂದು ಹೊರಗಿನಿಂದ ಸೊಸೆಯಾಗಿ ಬಂದವರು ಕೇಳುವುದುಂಟು. ಮೊಬೈಲಿನಲ್ಲಿ ಹೆಬ್ಬೆರಳಿನಿಂದ ಹಾಲು ತರಲು ಹೇಳಬಹುದು, ಜಗಳ ಆಡುವುದಕ್ಕಾಗುವುದಿಲ್ಲ. ಸಂಸಾರ ಅಂದ ಮೇಲೆ ಹತ್ತು ಬೆರಳೂ ಬೇಕು. ಸಂಜೆ ನಮ್ಮ ಬೀದಿಯಲ್ಲಿ ನಡೆದು ಬಂದರೆ ಒಂದೊಂದು ಜಗಲಿಯಿಂದಲೂ ಕೀಗಳ ಸದ್ದು ಕೇಳುತ್ತದೆ. ಹರಟೆ, ದೂರು, ಆಶೀರ್ವಾದ ಎಲ್ಲ ಅದರಲ್ಲೇ.

ನಮ್ಮ ಯಜಮಾನರಿಗೆ ಮಾತು ಹೋಗಿ ಎರಡು ವರ್ಷವಾಗಿತ್ತು. ಹೋದದ್ದು ನನಗೆ ಎರಡು ದಿನ ಗೊತ್ತೇ ಆಗಲಿಲ್ಲ ಎಂದು ನಾನು ಎಲ್ಲರೆದುರಿಗೂ ತಮಾಷೆ ಮಾಡುತ್ತಿದ್ದೆ. ಮಾತಿದ್ದಾಗಲೂ ಅವರದು ಹ್ಞೂಂ, ಊಹೂಂ, ಅಷ್ಟೇ. ಅಂಥವರು ಹೋಗಿ ಒಂದು ದೊಡ್ಡ ಹಳೇ ಮಾದರಿಯ ಬಾಯಿ ಆರಿಸಿಕೊಂಡು ಬಂದಿದ್ದರು. ಕಪ್ಪಗೆ, ದಪ್ಪಗೆ, ಕೀಗಳು ಒಂದೊಂದೂ ಮೆಟ್ಟಿಲಿನಷ್ಟು ಎತ್ತರ. ಒಂದು ಅಕ್ಷರ ಒತ್ತಿದರೆ ಅಡುಗೆಮನೆಯಲ್ಲಿ ಯಾರೋ ತೊಗರಿಕಾಯಿ ಮುರಿದ ಹಾಗೆ ಟಕ್ ಅನ್ನುವುದು. ಅವರು ತೋರುಬೆರಳೊಂದರಲ್ಲೇ ಟಕ್, ಟಕ್, ಟಕ್ ಎಂದು ಕುಟ್ಟಿ, ನಾನು ಒಗ್ಗರಣೆ ಬಿಟ್ಟು ಬಂದು ನೋಡಿದರೆ ಪರದೆಯ ಮೇಲೆ 'ಕಾಫಿ' ಎಂದಿರುತ್ತಿತ್ತು. "ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅಂತಾರೆ. ನಿಮ್ಮ ಈ ಕಟಕಟ ನನ್ನ ತಲೆ ಕೆಡಿಸಿತು" ಎಂದು ಎರಡು ವರ್ಷ ಬೈದಿದ್ದೇನೆ. ಅವರು ನಕ್ಕು ಮತ್ತೆ ಕುಟ್ಟುತ್ತಿದ್ದರು.

ನನ್ನ ಒಗರಿನ ಸಂಕಟ ನನ್ನ ಸಲುವಾಗಿ ಆಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ವನಜಿ ಇದ್ದಳು. ವನಜಾಕ್ಷಿ ನನ್ನ ತಂಗಿ, ನನಗಿಂತ ಆರು ವರ್ಷ ಚಿಕ್ಕವಳು. ನಮ್ಮಪ್ಪ ಇಬ್ಬರಿಗೂ ಕಮಲದ ಕಣ್ಣಿನ ಹೆಸರಿಟ್ಟ. ಅವಳಿಗೆ ನಾಲ್ಕು ತುಂಬುವ ಮೊದಲೇ ದಡಾರ ಬಂದು ಎರಡು ಕಣ್ಣೂ ಹೋದವು. ಅವಳು ಮದುವೆ ಬೇಡ ಅಂದಳು. ನಮ್ಮ ಹಿತ್ತಲಿಗೆ ಅಂಟಿಕೊಂಡ ಪುಟ್ಟ ಮನೆಯಲ್ಲಿ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಾ ತನ್ನ ಪಾಡಿಗೆ ತಾನಿದ್ದಾಳೆ. ಎರಡು ಮನೆಗೂ ನಡುವೆ ಒಂದು ಮೋಟುಗೋಡೆ. ಗೋಡೆಯ ಆ ಕಡೆ ಅವಳ ಬೆತ್ತ, ಈ ಕಡೆ ನನ್ನ ಒಗೆಯುವ ಕಲ್ಲು. ದಿನಾ ಬೆಳಿಗ್ಗೆ ಆ ಕಲ್ಲಿನ ಮೇಲೆ ಕೂತು ನಾನು ಅವಳಿಗೆ ಪೇಪರು ಓದಿ ಹೇಳುತ್ತಿದ್ದೆ. ಆಮೇಲೆ ಬೀದಿಯಲ್ಲಿ ಯಾರು ಹೋದರು, ಯಾರ ಸೀರೆ ಯಾವ ಬಣ್ಣ, ಮೋಡ ಎಲ್ಲಿ ಕಟ್ಟಿದೆ, ದಾಸವಾಳಕ್ಕೆ ಇವತ್ತು ಎಷ್ಟು ಮೊಗ್ಗು, ಎಲ್ಲ ವರದಿ. ಚಿಕ್ಕಂದಿನಿಂದ ಹೀಗೇ. ನನ್ನ ಬಾಯಿಯೇ ಅವಳ ಕಣ್ಣು. ನಾನು ಮಾತುಗಾರಳಾದದ್ದು ಅವಳಿಂದಲೇ ಇರಬೇಕು. ಈಗ ಅವಳು ಎರಡನೆಯ ಸಲ ಕಣ್ಣು ಕಳೆದುಕೊಳ್ಳುತ್ತಾಳೆ ಎಂಬುದೊಂದೇ ನನ್ನನ್ನು ತಿನ್ನುತ್ತಿದ್ದ ಚಿಂತೆ.

ಮುಚ್ಚಿಡಲು ಆಗಲಿಲ್ಲ. ಮಾರನೆಯ ಬೆಳಿಗ್ಗೆ ಪೇಪರಿನ ಮೊದಲ ಪುಟ ಮುಗಿಯುವ ಮೊದಲೇ ಗೋಡೆಯಾಚೆ ಬೆತ್ತದ ಸರಸರ ನಿಂತಿತು.

"ಅಕ್ಕಾ, ನಿನ್ನ ದನಿ ಒಗರಾಗಿದೆ."

"ನೆಗಡಿ ಕಣೇ."

"ನೆಗಡಿ ನಂಗೊತ್ತಿಲ್ವಾ?" ಅಂದಳು. ನಾನು ಎರಡನೆಯ ಪುಟಕ್ಕೆ ಹೋದೆ, ಮೂರನೆಯದಕ್ಕೂ ಹೋದೆ. ಅವಳ ಕೈ ಮತ್ತೆ ಬೆತ್ತ ಮುಟ್ಟಲಿಲ್ಲ.

ಬಾಯಿ ನೋಡುವ ದಿನ ಮಗಳು ಶ್ಯಾಮಲಾ ರಜೆ ಹಾಕಿ ಬಂದಳು. ವನಜಿಯನ್ನು ಕರೆದೆ. "ನಾನು ಬರಲ್ಲ. ನಿಂಗೆ ಯಾವುದು ಹಿತವೋ ಅದನ್ನ ತಗೋ" ಎಂದು ಒಳಗೆ ಹೋದಳು. ಯಜಮಾನರು ಬಿಳಿ ಅಂಗಿ ಹಾಕಿಕೊಂಡು ಹೊರಟರು. ಅವರ ಬಾಯಿ ಹೊತ್ತು ತಿರುಗುವಷ್ಟು ಹಗುರವಲ್ಲ, ಮನೆಯಲ್ಲೇ ಬಿಟ್ಟರು. ನಮ್ಮೂರಲ್ಲಿ ಬಾಯಿಯ ಅಂಗಡಿ ಅಂದರೆ ಇಲಿಯಾಸ್ ಸಾಹೇಬರದೇ. ಅಲ್ಲಿ ಹೋದವರಿಗೆ ಮೊದಲು ಕುರ್ಚಿ ಎಷ್ಟು ಎತ್ತರದ್ದು ಬೇಕು ಎಂದು ಕೇಳುತ್ತಾರೆ. ನಮ್ಮ ಮನೆಯಲ್ಲಿ ಎಲ್ಲಿ ಕೂತು ಮಾತಾಡುತ್ತೇವೋ ಅಲ್ಲಿನ ಎತ್ತರಕ್ಕೇ ಕೂರಿಸಿ ಪರೀಕ್ಷೆ ಮಾಡಿಸಬೇಕು. ನಾನು ಒಗೆಯುವ ಕಲ್ಲಿನ ಎತ್ತರ ಅಂದೆ. ಅವರು ನಗದೆ ಒಂದು ಮೋಟು ಮಣೆ ತಂದು ಇಟ್ಟರು. ಆ ಅಂಗಡಿಯಲ್ಲಿ ಇನ್ನೊಂದು ಕಟ್ಟಳೆಯಿದೆ. ಹೋದ ತಕ್ಷಣ ಇದು ಚಂದ, ಇದು ಕೊಡಿ ಅನ್ನುವ ಹಾಗಿಲ್ಲ. ಒಂದೊಂದಕ್ಕೂ ಒಂದು ಲೋಟ ಚಹಾ ತರಿಸಿ, ಕುಡಿದು, ಲೋಟ ತಣ್ಣಗಾಗುವವರೆಗೆ ಟೈಪಿಸಬೇಕು.

"ಮೊದಲ ಸಾಲು ಯಾವುದರ ಮೇಲಾದ್ರೂ ಚೆನ್ನಾಗಿರುತ್ತಮ್ಮ. ಮಣಿಕಟ್ಟು ನಿಜ ಹೇಳೋದು ನಿಧಾನಕ್ಕೆ" ಎಂದರು ಸಾಹೇಬರು.

"ಏನು ಟೈಪಿಸಲಿ?"

"ಯಾವುದಾದ್ರೂ ಹಳೇ ಜಗಳ ಬರೀರಿ. ದೇವರ ನಾಮ ಬರೆದ್ರೆ ಬೆರಳಿಗೆ ಪರೀಕ್ಷೆ ಆಗಲ್ಲ. ಜಗಳದಲ್ಲಿ ಬೆರಳು ಓಡುತ್ತೆ."

ಜಗಳಕ್ಕೇನು ಬರವೇ. ಶ್ಯಾಮಲಾಳ ಮದುವೆಯಲ್ಲಿ ನಮ್ಮ ನಾದಿನಿ ಊಟದ ಎಲೆಯಿಂದ ಎದ್ದು ಹೋದದ್ದನ್ನು ಮೊದಲಿನಿಂದ ಶುರು ಮಾಡಿದೆ. ಮೊದಲನೆಯದು ಹಪ್ಪಳದಷ್ಟು ತೆಳ್ಳಗಿತ್ತು. ಎತ್ತಿಕೊಂಡು ಓಡಾಡಲು ಚಂದ. ಆದರೆ ಕೀ ಒತ್ತಿದರೆ ಒಳಗೆ ಇಳಿಯುವುದೇ ಇಲ್ಲ, ಕಲ್ಲಿನ ಮೇಲೆ ಬೆರಳು ಕುಟ್ಟಿದ ಹಾಗೆ. ನಾದಿನಿ ಎಲೆಯ ಮುಂದೆ ಕೂರುವ ಹೊತ್ತಿಗೇ ಬೆರಳ ತುದಿ ಉರಿಯತೊಡಗಿತು. ಎರಡನೆಯದರ ಬಲಗಡೆ ಲೆಕ್ಕದ ಅಂಕಿಗಳದೊಂದು ಹಿಂಡು ಇತ್ತು. ಅದು ಜಾಗ ತಿಂದು ಅಕ್ಷರಗಳನ್ನೆಲ್ಲ ಎಡಕ್ಕೆ ನೂಕಿತ್ತು. ಬರೆಯುತ್ತಾ ಬರೆಯುತ್ತಾ ಬಸ್ಸಿನಲ್ಲಿ ಅರ್ಧ ಸೀಟಿನ ಮೇಲೆ ಕೂತವಳಂತೆ ವಾಲಿಬಿಟ್ಟೆ, ಹೆಗಲು ಹಿಡಿಯಿತು. ಮೂರನೆಯದರ ಕೀಗಳು ಸೊಗಸಾಗಿದ್ದವು, ಆದರೆ ಅಂಗೈ ಊರುವ ಜಾಗದ ಅಂಚು ಮಣಿಕಟ್ಟನ್ನು ಕೊರೆಯುತ್ತಿತ್ತು, ತೊಡೆಯೂ ಕಾದಿತು. "ಇದನ್ನು ಮಡಿಲಲ್ಲಿಟ್ಟುಕೊಂಡರೆ ಚಪಾತಿ ಬೇಯುತ್ತೆ" ಎಂದೆ. ಸಾಹೇಬರು ಅದನ್ನೂ ಒಳಗೆ ಕಳಿಸಿದರು.

ನಾಲ್ಕನೆಯದು ಬಂತು. ಬೂದು ಬಣ್ಣ, ಹೆಚ್ಚು ಭಾರವಿಲ್ಲ. ಕೀಗಳ ನಡು ಬೆರಳಿಗೆಂದೇ ಒಂಚೂರು ತಗ್ಗು. ಒತ್ತಿದರೆ ಇಳಿಯುತ್ತದೆ, ಬಿಟ್ಟರೆ ತಾನೇ ಬೆರಳನ್ನು ಎತ್ತಿ ಕೊಡುತ್ತದೆ. ಅಂಗೈಗೆ ಧಾರಾಳ ಜಾಗ. ಸದ್ದಂತೂ ಇಲ್ಲವೇ ಇಲ್ಲ. ನಾನು ನಾದಿನಿಯ ಜಗಳ ಮುಗಿಸಿ, ಅದಕ್ಕೂ ಹಿಂದಿನ ಓರಗಿತ್ತಿಯ ಜಗಳಕ್ಕೆ ಹೋಗಿ, ಅದನ್ನೂ ಮುಗಿಸಿ, ಇನ್ನೂ ಬರೆಯುತ್ತಲೇ ಇದ್ದೆ. ಲೋಟ ಯಾವಾಗಲೋ ಆರಿತ್ತು. ಮಣಿಕಟ್ಟು ಒಂದು ಮಾತೂ ಎತ್ತಲಿಲ್ಲ.

"ಅಮ್ಮಾ, ಇದೇ. ಬೆಣ್ಣೆ ಥರ ಇದೆ" ಎಂದಳು ಶ್ಯಾಮಲಾ.

ಇಲಿಯಾಸ್ ಸಾಹೇಬರು ಮಾತ್ರ ಪೆಟ್ಟಿಗೆ ತರಲು ಏಳಲಿಲ್ಲ. "ಪಂಕಜಮ್ಮ, ನೀವು ಜಾಸ್ತಿ ಮಾತಾಡೋದು ಯಾರ ಹತ್ರ?"

"ನನ್ನ ತಂಗಿ ಹತ್ರ."

"ಕಣ್ಣು ಕಾಣದವರಲ್ವಾ? ಅವರನ್ನೂ ಕರ್ಕೊಂಡು ಬರಬೇಕಿತ್ತು. ಕೇಳೋರೂ ಒಂದ್ಸಲ ನೋಡ್ಬೇಕು ಬಾಯಿನ."

"ಅವಳು ಬರಲ್ಲ ಅಂದ್ಲು. ಇದರಲ್ಲಿ ಓದಿ ಹೇಳೋ ಹುಡುಗಿ ಇದಾಳಲ್ಲ?" ಎಂದೆ. ಬರೆದದ್ದನ್ನು ಗಟ್ಟಿಯಾಗಿ ಓದುವ ವ್ಯವಸ್ಥೆ ಈಗಿನ ಎಲ್ಲ ಬಾಯಿಗಳಲ್ಲೂ ಇದೆ. ಒಳಗಿನಿಂದ ಒಬ್ಬ ಹುಡುಗಿ ರೈಲು ಬರುವ ಸುದ್ದಿ ಕೊಡುವ ದನಿಯಲ್ಲಿ ಎಲ್ಲವನ್ನೂ ಓದುತ್ತಾಳೆ. ಅಯ್ಯೋ ಎಂಬುದನ್ನೂ ಹಾಗೇ ಓದುತ್ತಾಳೆ. ಅದಕ್ಕೇ ಊರಿನಲ್ಲಿ ಅವಳನ್ನು ಬಳಸುವವರು ಕಡಿಮೆ. ಆದರೆ ವನಜಿಗೆ ಅವಳು ಸಾಕು ಎಂದು ನಾನು ಆಗಲೇ ತೀರ್ಮಾನ ಮಾಡಿಕೊಂಡಿದ್ದೆ. ಅಷ್ಟರಲ್ಲಿ ನಮ್ಮ ಯಜಮಾನರು ಬಗ್ಗಿ, ಆ ಬೂದು ಕೀಗಳನ್ನು ಒಂದೆರಡು ಸಲ ಒತ್ತಿ, ಕಿವಿಯನ್ನು ಹತ್ತಿರ ತಂದು, ಇನ್ನೊಮ್ಮೆ ಒತ್ತಿ, ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು.

"ಬೆರಳಿಗೆ ನೋಡೋದನ್ನ ಬಿಟ್ಟು ಕಿವಿಗೆ ನೋಡ್ತಾ ಇದ್ದೀರಲ್ಲ. ನಿಮ್ಮ ಕಟಕಟ ಮನೇಲಿದೆ, ಒಂದು ಸಾಕು" ಎಂದೆ. ಅವರು ಹೋಗಿ ಬಾಗಿಲ ಹತ್ತಿರ ನಿಂತರು.

ಬಾಯಿ ಮನೆಗೆ ಬಂದ ಮೇಲೆ ಉಳಿಯುವುದು ಕರೆಸಿಕೊಳ್ಳುವ ಶಾಸ್ತ್ರ. ಮಾತು ಹೋಗುವವರ ಬಂಧುಬಳಗ, ಬೇಕಾದವರು ಒಬ್ಬೊಬ್ಬರಾಗಿ ಬಂದು ಹೊಸಿಲಾಚೆ ನಿಲ್ಲುತ್ತಾರೆ. ಒಳಗೆ ಕೂತವರು ಅವರ ಹೆಸರು ಹಿಡಿದು ಒಂದು ಸಲ ಕರೆಯುತ್ತಾರೆ. ಅವರು 'ಬಂದೆ' ಎಂದು ಹೊಸಿಲು ದಾಟಿ ಬಂದು ಸಿಹಿ ಅವಲಕ್ಕಿ ತಿನ್ನುತ್ತಾರೆ. ಆಮೇಲೆ ಜೀವಮಾನವಿಡೀ ಆ ಒಂದು ಕರೆಯನ್ನು ಕಿವಿಯಲ್ಲಿ ಇಟ್ಟುಕೊಳ್ಳುತ್ತಾರೆ. ನಮ್ಮಮ್ಮ ಕರೆದ 'ಪಂಕೂ' ಇನ್ನೂ ನನ್ನ ಹತ್ತಿರವಿದೆ. ನಾನು ಶ್ಯಾಮಲಾಳನ್ನು ಕರೆದೆ, ಅಳಿಯನನ್ನು ಕರೆದೆ, ಆ ನಾದಿನಿಯನ್ನೂ ಕರೆದೆ. ಅವಳು ಬಂದೆ ಅನ್ನುವಾಗ ಅತ್ತಳು, ನನಗೂ ಅಳು ಬಂತು. ಹಾಲಿನ ಕೆಂಪಮ್ಮ ಕ್ಯಾನು ಕೆಳಗಿಟ್ಟು ಕರೆಸಿಕೊಂಡು ಹೋದಳು. ಯಜಮಾನರ ಸರದಿ ಬಂದಾಗ ಕಷ್ಟವಾಯಿತು, ಅವರ ಹೆಸರು ಹಿಡಿದು ಕರೆದ ರೂಢಿಯೇ ನನಗಿರಲಿಲ್ಲ. ಕಡೆಗೆ 'ರೀ' ಅಂದೆ. ಅವರು ಬಾಯಿ ತೆರೆದು, ದನಿಯಿಲ್ಲದೆ, ಬಂದೆ ಎಂದು ಒಳಗೆ ಬಂದರು.

ವನಜಿ ಬರಲಿಲ್ಲ. ಅವಳ ಬಾಗಿಲಿಗೆ ನಾನೇ ಹೋದೆ.

"ಎಲ್ರೂ ಬಂದಾಯ್ತು, ನೀನೊಬ್ಬಳು ಉಳಿದಿದ್ದೀಯ. ಏಳೇ."

"ಉಳೀಲಿ."

"ಹಟ ಮಾಡ್ಬೇಡ ವನಜಿ."

"ಕೇಳಕ್ಕ" ಎಂದಳು, ನನ್ನ ಕೈ ಹುಡುಕಿ ಹಿಡಿದುಕೊಂಡು. "ಒಬ್ಬರದ್ದಾದ್ರೂ ಕರೆ ಬಾಕಿ ಇದ್ರೆ ಮಾತು ಹೇಗೆ ಹೋಗುತ್ತೆ? ನೀನು ಕರೆದ್ರೆ ನಾನು ಬಂದೆ ಅನ್ನಬೇಕು. ಅಂದ್ಮೇಲೆ ಮುಗೀತು. ನಾನು ಅನ್ನಲ್ಲ."

ಐವತ್ತು ದಾಟಿದ ಹೆಂಗಸು, ಅವತ್ತು ನಾಲ್ಕು ವರ್ಷದವಳಂತೆ ಮಾತಾಡಿದಳು. ನಾನೂ ದಡ್ಡಿ. ಇದ್ದರೂ ಇರಬಹುದು, ಹೀಗೆ ಯಾರೂ ಮಾಡಿ ನೋಡಿಲ್ಲವಲ್ಲ ಎಂದು ಒಳಗೊಳಗೆ ಆಸೆಪಟ್ಟೆ. ನಮ್ಮಿಬ್ಬರ ನಡುವೆ ಆ ಕರೆ ಹಾಗೇ ಬಾಕಿ ಉಳಿಯಿತು. ದಿನಗಳು ಹೋದವು, ಮಾತು ಹೋಗಲಿಲ್ಲ. ವನಜಿ ಗೆದ್ದವಳಂತೆ ಬೆತ್ತ ಹೆಣೆಯುತ್ತಿದ್ದಳು.

ಹೋದದ್ದು ಒಂದು ಬುಧವಾರ ಬೆಳಿಗ್ಗೆ, ಪೇಪರು ಓದುತ್ತಿದ್ದಾಗ. ಪಕ್ಕದ ತಾಲ್ಲೂಕಿನಲ್ಲಿ ಒಂದು ಗೂಳಿ ಮುಹೂರ್ತದ ಹೊತ್ತಿಗೆ ಮದುವೆ ಛತ್ರಕ್ಕೆ ನುಗ್ಗಿದ ಸುದ್ದಿ. ವನಜಿ ಆಗಲೇ ನಗಲು ಶುರು ಮಾಡಿದ್ದಳು. "ಬಾಳೆಕಂಬ ಎರಡನ್ನೂ ತಿಂದು, ವಾಲಗದವರನ್ನ ದಾಟಿಕೊಂಡು, ಗೂಳಿ ಮೆಟ್ಟಿಲು ಹತ್ತಿ ನೇರ ಮಂಟಪದ" ಎಂದೆ. ಮುಂದಿನ ಮಾತಿಗೆ ದನಿ ಬರಲಿಲ್ಲ. ಕೆಮ್ಮಿದೆ. ಕೆಮ್ಮು ಬಂತು, ಮಾತು ಬರಲಿಲ್ಲ.

"ಆಮೇಲೆ?" ಎಂದಳು ವನಜಿ ನಗುತ್ತಾ.

ನಾನು ಗೋಡೆ ಹಿಡಿದುಕೊಂಡೆ.

"ಅಕ್ಕಾ, ಆಮೇಲೆ?"

ಮೂರನೆಯ ಸಲ ಅವಳು ಕೇಳಲಿಲ್ಲ. ಕೈಯಲ್ಲಿದ್ದ ಬೆತ್ತವನ್ನು ನೆಲಕ್ಕಿಟ್ಟು, ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು.

ಆ ಮಧ್ಯಾಹ್ನವೇ ಬೂದು ಬಾಯಿ ತಂದು ಕಲ್ಲಿನ ಮೇಲೆ ಕೂತೆ. ಬೆರಳಿಗೆ ನಿಜವಾಗಿಯೂ ಹಿತ. ಅಂಗಡಿಯಲ್ಲಿ ಕಂಡದ್ದು ಸುಳ್ಳಾಗಿರಲಿಲ್ಲ. ಪುಟಗಟ್ಟಲೆ ಬರೆದೆ. ಗೂಳಿಯ ಕತೆ ಬರೆದೆ, ನನಗೂ ನಿನ್ನಷ್ಟೇ ಸಂಕಟವಾಗಿದೆ ಕಣೇ ಎಂದು ಬರೆದೆ, ಊಟ ಮಾಡು ಎಂದು ಬರೆದೆ. ಆಮೇಲೆ ಓದುವ ಹುಡುಗಿಯನ್ನು ಎಬ್ಬಿಸಿದೆ. ಹುಡುಗಿ ಒಂದೇ ಉಸಿರಿನಲ್ಲಿ, ನನಗೂ ನಿನ್ನಷ್ಟೇ ಸಂಕಟವಾಗಿದೆ ಕಣೇ, ಎಂದು ಪ್ಲಾಟ್‌ಫಾರಂ ನಂಬರು ಹೇಳಿದ ಹಾಗೆ ಹೇಳಿದಳು.

ವನಜಿ ಬಾಗಿಲಲ್ಲಿ ಬಂದು ನಿಂತಳು. "ಯಾರು ನೀನು?" ಎಂದಳು.

ನಾನು ಆತುರಾತುರವಾಗಿ, ನಾನೇ ಕಣೇ ಅಕ್ಕ ಎಂದು ಬರೆದು ಓದಿಸಿದೆ.

"ಏಯ್ ಹುಡುಗಿ, ನಮ್ಮಕ್ಕನ ಹೆಸರಲ್ಲಿ ಮಾತಾಡ್ಬೇಡ" ಎಂದು ಬಾಗಿಲು ಹಾಕಿಕೊಂಡಳು.

ಮಾರನೆಯ ದಿನವೂ ಅದೇ. ಬೆಳಿಗ್ಗೆ ಅವಳು ರೂಢಿಯಂತೆ ಗೋಡೆಯಾಚೆ ಬಂದು ಕೂತಳು. ನಾನು ಇತ್ತ ಕೂತು ಬರೆದೆ. ಬರೆಯುವಷ್ಟು ಹೊತ್ತೂ ಅವಳ ಮುಖ ಅತ್ತಿತ್ತ ತಿರುಗುತ್ತಿತ್ತು, ಕತ್ತಲಲ್ಲಿ ಕೈ ಚಾಚಿ ಹುಡುಕುವವರ ಮುಖ ತಿರುಗುವ ಹಾಗೆ. "ಇದ್ದೀಯಾ ಅಕ್ಕ?" ಎಂದು ಕೇಳಿದಳು. ಮತ್ತೆ ಸ್ವಲ್ಪ ಹೊತ್ತಿಗೆ, "ಎದ್ದು ಹೋದ್ಯಾ?" ಎಂದಳು. ನಾನು ಅವಳ ಭುಜ ಮುಟ್ಟಿದೆ. ಬೆಚ್ಚಿಬಿದ್ದಳು.

"ಸಿಟ್ಟಿದ್ರೆ ಸಿಟ್ಟು ಮಾಡ್ಕೋ. ಹೀಗೆ ಎದುರಿಗೆ ಕೂತು ಸುಮ್ಮನಿದ್ರೆ ನಂಗೆ ಭಯ ಆಗುತ್ತೆ. ಕರೆಸಿಕೊಳ್ಳೋಕೆ ಬರ್ಲಿಲ್ಲ ಅಂತ ಮಾತು ಬಿಟ್ಟಿದ್ದೀಯ ಅಂತ ನಂಗೊತ್ತು" ಎಂದಳು.

ಸುಮ್ಮನಿರುವುದು. ನಾನು. ಅಷ್ಟು ಹೊತ್ತಿನಿಂದ ಹತ್ತು ಬೆರಳೂ ಬಿಡುವಿಲ್ಲದೆ ಓಡುತ್ತಿದ್ದವು, ಪರದೆಯ ತುಂಬ ಮಾತು, ಮತ್ತು ನನ್ನ ತಂಗಿಯ ಪಾಲಿಗೆ ಗೋಡೆಯ ಈಚೆ ಯಾರೂ ಇರಲಿಲ್ಲ. ಇದೇ ವನಜಿ ಸಂಜೆ ಜಗಲಿಗಳ ಸದ್ದು ಕೇಳಿಯೇ ಬೀದಿಯ ಸಮಾಚಾರ ಹೇಳುತ್ತಿದ್ದವಳು. "ಮೇಷ್ಟ್ರು ಇವತ್ತು ಸೊಸೆ ಮೇಲೆ ಮುನಿಸಿಕೊಂಡಿದಾರೆ, ಕುಟ್ಟೋದು ಕೇಳಿದ್ಯಾ? ಮೂಲೆಮನೆ ಅಜ್ಜಿ ಮೊಮ್ಮಗನ ಹತ್ರ ಮಾತಾಡ್ತಿದಾರೆ, ಎಷ್ಟು ಮೆತ್ತಗೆ ಒತ್ತಾರೆ ನೋಡು." ಎಷ್ಟು ಸಲ ಹೇಳಿ ನಗಿಸಿದ್ದಳೋ. ಅಷ್ಟೆಲ್ಲ ಕೇಳಿದ್ದ ನಾನು, ಬೆರಳಿಗೆ ಬೆಣ್ಣೆ ಎಂದು ಊರಿಗೇ ಸದ್ದಿಲ್ಲದ ಬಾಯಿ ತಂದುಕೊಂಡಿದ್ದೆ. ಸಾಹೇಬರು ಒಂದು ಸಲ, ಯಜಮಾನರು ಒಂದು ಸಲ ಎಚ್ಚರಿಸಿದ್ದರು. ಮಾತಾಡುವ ಭರದಲ್ಲಿ ಕೇಳಿಸಿಕೊಳ್ಳುವುದನ್ನು ನಾನು ಮೊದಲಿನಿಂದಲೂ ಕಲಿತವಳಲ್ಲ.

ಹಿಂದಿರುಗಿಸುವ ಹಾಗಿಲ್ಲ. ಮಾತು ಹೋದವರು ಒಂದು ಸಾಲು ಬರೆದ ಮೇಲೆ ಆ ಬಾಯಿ ಅವರದೇ. ಆಡಿದ ಮಾತನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ. ನಾನು ಅಡುಗೆಮನೆಗೆ ಬಂದು ಒಲೆಯ ಮುಂದೆ ನಿಂತೆ. ಸಾರಿಗೆ ಹಾಕುವ ಹುಣಸೆಹಣ್ಣನ್ನು ಕಿವುಚುತ್ತಾ ಕಿವುಚುತ್ತಾ ಕಣ್ಣಿಂದ ನೀರು ಬಂತು. ದನಿಯಿಲ್ಲದೆ ಅಳುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ತಿಳಿಯುವುದೇ ಇಲ್ಲ.

ಹಿಂದಿನಿಂದ ಟಕ್ ಎಂದಿತು.

ತಿರುಗಿ ನೋಡಿದೆ. ಯಜಮಾನರು ಊಟದ ಮೇಜಿನ ಹತ್ತಿರ ತಮ್ಮ ಕಪ್ಪು ಬಾಯಿ ಇಟ್ಟುಕೊಂಡು ನಿಂತಿದ್ದರು. ತೋರುಬೆರಳಿನಿಂದ ಟಕ್, ಟಕ್ ಎಂದು ಒತ್ತುತ್ತಲೇ ಹೋದರು. ಅವರು ಅಷ್ಟು ಉದ್ದ ಬರೆದದ್ದನ್ನು ನಾನು ನೋಡಿಯೇ ಇರಲಿಲ್ಲ. ಕೈ ಒರೆಸಿಕೊಂಡು ಹೋಗಿ ಓದಿದೆ. 'ಇದನ್ನು ತಗೋ. ನನಗೆ ಅದು ಸಾಕು.' ನಾನು ತಲೆ ಅಲ್ಲಾಡಿಸಿದೆ. ಅವರು ಮತ್ತೆ ಬರೆದರು. 'ಅಡುಗೆಮನೆಯಲ್ಲಿ ನೀನು ಬೆನ್ನು ಮಾಡಿ ನಿಂತಿರುತ್ತೀ. ನಿನಗೆ ಕೇಳಲಿ ಅಂತಲೇ ಇದನ್ನು ತಗೊಂಡಿದ್ದೆ.'

ಎರಡು ವರ್ಷ ಬೈದಿದ್ದೆನಲ್ಲ. ಪ್ರತಿ ಟಕ್‌ಗೂ ಬೈಯುತ್ತಾ, ಪ್ರತಿ ಟಕ್‌ಗೂ ತಿರುಗಿ ನೋಡಿದ್ದೆ. ಹಾಗೆ ನಾನು ತಿರುಗಲಿ ಎಂದೇ ಆ ಮನುಷ್ಯ ಕಾಫಿ, ಕಾಫಿ ಎಂದು ಕುಟ್ಟುತ್ತಿದ್ದದ್ದು. ನಾನು ಅವರ ಕೈ ಹಿಡಿದುಕೊಂಡೆ. ಆಮೇಲೆ ಅವರು ನನ್ನ ಬೂದು ಬಾಯಿಯನ್ನು ಎತ್ತಿಕೊಂಡು, ಅದರ ಮೇಲೆ ಬೆರಳಾಡಿಸಿ ಆಹಾ ಎಂಬಂತೆ ಹುಬ್ಬೇರಿಸಿ, ಜಗಲಿಗೆ ಹೋದರು.

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ. ಆ ಕಪ್ಪು ಬಾಯಿಯನ್ನು ಎರಡು ಕೈಯಲ್ಲಿ ತಬ್ಬಿ ಹಿತ್ತಲಿಗೆ ಒಯ್ದು, ಕಲ್ಲಿನ ಮೇಲೆ ಕೂತು ತೊಡೆಯ ಮೇಲಿಟ್ಟುಕೊಂಡೆ. ಎರಡು ವರ್ಷದಲ್ಲಿ ಅದರಲ್ಲಿ ಸವೆದದ್ದು ಕಾಫಿಯ ಅಕ್ಷರಗಳು ಮಾತ್ರ, ಮಿಕ್ಕ ಕೀಗಳೆಲ್ಲ ಹೊಸದಾಗಿಯೇ ಇದ್ದವು. ಗಟ್ಟಿ ಕೀಗಳು. ಒಂದೊಂದನ್ನೂ ಇಳಿಸಲು ಬೆರಳಿಗೆ ಬಲ ಬೇಕು. ಇವತ್ತಿಗೂ ಸಂಜೆಯಾಗುತ್ತಲೇ ಗೆಣ್ಣುಗಳು ನೋಯುತ್ತವೆ, ಯಜಮಾನರು ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕುತ್ತಾರೆ. ಇಲಿಯಾಸ್ ಸಾಹೇಬರ ಮಣೆಯ ಮೇಲೆ ಕೂತಿದ್ದರೆ ಇದು ಮೊದಲ ಲೋಟಕ್ಕೇ ಒಳಗೆ ಹೋಗುತ್ತಿತ್ತು. ಆದರೂ ಇದನ್ನೆಲ್ಲ ಬರೆಯುತ್ತಿರುವುದು ಇದರ ಮೇಲೆಯೇ.

ಗೋಡೆಯಾಚೆ ವನಜಿ ಕುರ್ಚಿಯೊಂದನ್ನು ಮಗುಚಿಕೊಂಡು ಹಳೆಯ ಬೆತ್ತ ಬಿಚ್ಚುತ್ತಿದ್ದಳು. ನಾನು ಏನೋ ನಾಲ್ಕು ಅಕ್ಷರ ಒತ್ತಿದೆ, ಕೈ ಪಳಗಲೆಂದು. ಸದ್ದು ಹಿತ್ತಲ ತುಂಬ ಹೋಯಿತು.

"ಏನು ಭಾವ, ಇಲ್ಲಿ ಬಂದು ಕೂತ್ರಿ?" ಎಂದಳು, ತಲೆಯೆತ್ತದೆ.

ನಾನು ಹತ್ತು ಬೆರಳನ್ನೂ ಇಟ್ಟು ಒಂದೇ ಸಮನೆ ಬರೆದೆ. ಅವಳ ಕೈ ನಿಧಾನವಾಯಿತು.

"ಭಾವ ಯಾವತ್ತು ಇಷ್ಟು ಮಾತಾಡಿದ್ರು" ಎಂದು ತನ್ನಷ್ಟಕ್ಕೆ ಅಂದುಕೊಂಡಳು. ನಾನು ಇನ್ನೂ ಬರೆದೆ, ತಪ್ಪಾದದ್ದನ್ನು ಅಳಿಸಿದೆ, ಮತ್ತೆ ಬರೆದೆ. ಅವಳು ಬೆತ್ತ ಬಿಟ್ಟು ಮುಖವನ್ನು ನೇರ ನನ್ನ ಕಡೆ ತಿರುಗಿಸಿದಳು. ಬೆಳಿಗ್ಗೆಯೆಲ್ಲ ಗಾಳಿಯಲ್ಲಿ ಹುಡುಕಾಡುತ್ತಿದ್ದ ಮುಖ ಈಗ ಸರಿಯಾಗಿ ನನ್ನ ಮೇಲೆ ಬಂದು ನಿಂತಿತು.

"ಹೀಗೆ ಆತುರ ಬಿದ್ದು, ಎಡವಿ, ಮತ್ತೆ ಓಡೋದು... ಅಕ್ಕಾ?"

ನಾನು ಬರೆಯುತ್ತಿದ್ದುದನ್ನು ನಿಲ್ಲಿಸಿದೆ. ಇದರಲ್ಲೂ ಇದ್ದ ಓದುವ ಹುಡುಗಿಯನ್ನು ಎಬ್ಬಿಸಲಿಲ್ಲ. ಅವಳಿಗೆ ಆಮೇಲೆ ಬೇಕಾದಷ್ಟು ಕೆಲಸವಿತ್ತು. ವನಜಿ ಎಂಬ ಹೆಸರನ್ನಷ್ಟೇ ಒತ್ತಿದೆ. ಕೊನೆಯ ಅಕ್ಷರದ ಮೇಲೆ, ಚಿಕ್ಕಂದಿನಲ್ಲಿ ಬೀದಿಯ ತುದಿಯಿಂದ ಅವಳನ್ನು ಕೂಗುವಾಗ ಎಳೆಯುತ್ತಿದ್ದ ಹಾಗೆ, ಬೆರಳನ್ನು ಸ್ವಲ್ಪ ತಡೆದು ಬಿಟ್ಟೆ. ಮತ್ತೆ ಅದೇ ಹೆಸರು. ಮತ್ತೆ ಅದೇ. ಅವಳು ಕತ್ತು ಓರೆ ಮಾಡಿ ಕೇಳುತ್ತಿದ್ದಳು. ತುಟಿ ಸಣ್ಣಗೆ ಅಲ್ಲಾಡುತ್ತಿತ್ತು.

"ಅದನ್ನೇ ಅದನ್ನೇ ಹೇಳ್ತಿದ್ದೀಯ" ಎಂದಳು. "ಕರೀತಿದ್ದೀಯಾ?"

ನಾನು ಇನ್ನೊಂದು ಸಲ ಒತ್ತಿದೆ.

ವನಜಿ ಎದ್ದಳು. ಮಡಿಲಲ್ಲಿದ್ದ ಬೆತ್ತದ ಚೂರುಗಳನ್ನು ಕೊಡವಿ, ಸೆರಗು ಸರಿಮಾಡಿಕೊಂಡು, ಗೋಡೆಯ ಮೇಲೆ ಕೈಯಾಡಿಸುತ್ತಾ ಅದು ಮುಗಿಯುವ ತುದಿಯವರೆಗೆ ಬಂದು ನಿಂತಳು. ಅಲ್ಲಿ ಹೊಸಿಲೇನೂ ಇಲ್ಲ, ಎರಡು ಹಿತ್ತಲಿನ ನಡುವೆ ಒಂದು ಸಾಲು ಇಟ್ಟಿಗೆ ಹುಗಿದಿದೆ ಅಷ್ಟೇ. ಅದರ ಅಂಚನ್ನು ಕಾಲಿನಿಂದ ತಡವಿ ನೋಡಿ, ಗಂಟಲು ಸರಿಮಾಡಿಕೊಂಡಳು.

"ಬಂದೆ" ಎಂದಳು.

ಈ ಕಡೆ ದಾಟಿ ಬಂದು, ನನ್ನ ಮಂಡಿಗೆ ಮಂಡಿ ತಾಗಿಸಿ ಕಲ್ಲಿನ ಮೇಲೆ ಒತ್ತಿಕೊಂಡು ಕೂತಳು. ಕಪ್ಪು ಬಾಯಿಯ ಮೇಲಿದ್ದ ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು, ಎಲ್ಲ ಇವೆಯೋ ಎಂದು ನೋಡುವವಳ ಹಾಗೆ. ಕಣ್ಣು ಒರೆಸಿಕೊಂಡಳು.

"ಹ್ಞೂಂ, ನೀನು ಹೇಳ್ಕೊಡು, ಆ ಹುಡುಗಿ ಓದ್ಲಿ. ಈಗ ಅವಳು ಯಾರ ಮಾತು ಆಡ್ತಾಳೆ ಅಂತ ಗೊತ್ತಾಗುತ್ತಲ್ಲ" ಎಂದಳು. "ಆಮೇಲೆ ಆ ಗೂಳಿ ಏನಾಯ್ತು?"

ನಾನು ಹತ್ತು ಬೆರಳನ್ನೂ ಮಡಚಿ ಬಿಡಿಸಿ, ಮಂಟಪದ ಮೆಟ್ಟಿಲಿನಿಂದ ಶುರು ಮಾಡಿದೆ.